ಹಿರಿಯ ರೋಗಿಯ ಮಾತಿಗೆ ಅವಕಾಶ: ಆರೋಗ್ಯ ಸಿಬ್ಬಂದಿಗಾಗಿ ಅಧ್ಯಯನ ಲೇಖನ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಆಸ್ಪತ್ರೆಗಳಿಗೆ ಬರುವ ಹಿರಿಯರ ಜೊತೆಯಲ್ಲಿ ಸಾಮಾನ್ಯವಾಗಿ ಮಗನೋ ಸೊಸೆಯೋ ಇರುತ್ತಾರೆ. ವೈದ್ಯರ ಪ್ರಶ್ನೆಗೆ ಹಲವು ಬಾರಿ ಉತ್ತರಿಸುವವರೂ ಅವರೇ. “ಬಚ್ಚಲಲ್ಲಿ ಜಾರಿ ಬಿದ್ದರು” ಎಂಬ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಅವರೆದುರಿನಲ್ಲಿ ಅದನ್ನು ತಿಳಿಯುವುದು ಕಷ್ಟ.

ದೌರ್ಜನ್ಯವೆಂದರೆ ಹೊಡೆತವೊಂದೇ ಅಲ್ಲ. ಊಟ, ಔಷಧಿ ಕೊಡದಿರುವುದು, ಪಿಂಚಣಿ ಹಣ ಕಸಿದುಕೊಳ್ಳುವುದು, ಹೆದರಿಸಿ ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಸಹ ದೌರ್ಜನ್ಯವೇ. ಮನೆಯ ಮರ್ಯಾದೆ, ಮಗ ಠಾಣೆಯ ಮೆಟ್ಟಿಲೇರಬೇಕಾದೀತೆಂಬ ಅಳುಕು, ಸಂಜೆ ಅದೇ ಮನೆಗೆ ಮರಳಬೇಕೆಂಬ ಭಯ ಇವು ಹಿರಿಯರ ಬಾಯಿ ಕಟ್ಟುತ್ತವೆ.

ಆದ್ದರಿಂದ ತಪಾಸಣೆಯ ಸ್ವಲ್ಪ ಹೊತ್ತು ರೋಗಿಯನ್ನು ಮಾತ್ರ ಒಳಗೆ ಕರೆಯುವುದು ಎಲ್ಲ ಹಿರಿಯರಿಗೂ ಅನ್ವಯಿಸುವ ಪದ್ಧತಿಯಾಗಬೇಕು. ಆಗ ಯಾರಿಗೂ ಸಂಶಯ ಬಾರದು. ಕೊಂಕಣಿ ಅಥವಾ ನವಾಯತಿ ಮಾತ್ರ ಬಲ್ಲವರಿಗೆ ಆ ಭಾಷೆ ತಿಳಿದ ಸಿಬ್ಬಂದಿಯೇ ನೆರವಾಗಬೇಕು, ಮನೆಯವರನ್ನು ದುಭಾಷಿಯಾಗಿಸಬಾರದು. ರಕ್ತದೊತ್ತಡ ನೋಡುತ್ತ, “ಅಮ್ಮಾ, ಮನೆಯಲ್ಲಿ ನಿಮಗೆ ಯಾರ ಹೆದರಿಕೆಯಾದರೂ ಉಂಟೇ?” ಎಂದು ಮೆಲ್ಲನೆ ಕೇಳಿ, ಉತ್ತರಕ್ಕಾಗಿ ಕಾಯಬೇಕು. ಹೇಳಿದ್ದನ್ನು ಅವರದೇ ಮಾತಿನಲ್ಲಿ, ಗಾಯದ ಸ್ಥಳ, ಅಳತೆ, ಬಣ್ಣಗಳೊಂದಿಗೆ ದಾಖಲಿಸಬೇಕು. ಜೊತೆಗೆ ಬಂದವರನ್ನು ಅಲ್ಲಿಯೇ ಪ್ರಶ್ನಿಸಬಾರದು. ಅದರ ಫಲವನ್ನು ಮನೆಯಲ್ಲಿ ಅನುಭವಿಸುವವರು ಆ ಹಿರಿಯರೇ. ಯಾರಿಗೂ ತಿಳಿಸುವುದಿಲ್ಲವೆಂಬ ಭರವಸೆಯನ್ನೂ ಕೊಡಬಾರದು. ಗಂಭೀರ ಗಾಯವಿದ್ದಲ್ಲಿ ಪೊಲೀಸರಿಗೆ ಮಾಹಿತಿ ನೀಡಬೇಕಾದೀತು.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007 ಇಂಥವರ ರಕ್ಷಣೆಗಿದೆ. ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹಿರಿಯರು ತಾವೇ ಅಥವಾ ಅವರು ಅಧಿಕಾರ ಕೊಟ್ಟವರು ಅರ್ಜಿ ಸಲ್ಲಿಸಬಹುದು. ಭಟ್ಕಳ, ಹೊನ್ನಾವರದವರಿಗೆ ಭಟ್ಕಳದಲ್ಲಿ, ಕುಮಟಾದವರಿಗೆ ಕುಮಟಾದಲ್ಲಿಯೇ ಉಪವಿಭಾಗ ಕಚೇರಿ ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಷರತ್ತು ಪಾಲಿಸದಿದ್ದಲ್ಲಿ, 23ನೇ ಕಲಮಿನಡಿ ರದ್ದುಗೊಳಿಸಲು ಕೋರಬಹುದು. ಹಿರಿಯರನ್ನು ಕೈಬಿಟ್ಟವರಿಗೆ 24ನೇ ಕಲಮಿನಡಿ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿರಿಯರ ಉಚಿತ ಸಹಾಯವಾಣಿ 14567. ಆ ಸಂಖ್ಯೆ ಬರೆದ ಚೀಟಿ ಮನೆಯವರ ಕೈಗೆ ಸಿಕ್ಕರೆ ಅಪಾಯ. ಆದ್ದರಿಂದ ಚೀಟಿ ಬೇಕೇ ಎಂದು ಮೊದಲು ಕೇಳಬೇಕು.

ಮೊದಲ ಭೇಟಿಯಲ್ಲಿ ಹಿರಿಯರು ಏನೂ ಹೇಳದಿರಬಹುದು. ಒತ್ತಾಯ ಸಲ್ಲದು. ಮಾತ್ರೆ ಮುಗಿಯುವ ಮುನ್ನ ಮತ್ತೆ ಬರಲು ದಿನ ಗೊತ್ತುಮಾಡಿ, ಅಂದೂ ಅದೇ ಸಿಬ್ಬಂದಿ ಅದೇ ಪ್ರಶ್ನೆಯನ್ನು ಕೇಳಬೇಕು. ಕೇಳುವವರು ಒಬ್ಬರಿದ್ದಾರೆಂದು ಮನದಟ್ಟಾದ ದಿನ ಅವರು ಬಾಯಿ ತೆರೆದಾರು.