ಲಾಕ್‌ಡೌನಿನಲ್ಲಿ ನಮ್ಮ ಮನೆಗೆಲಸದ ಲೆಕ್ಕ

ಮನೆಯೆಂದರೆ ದುಡಿದು ಬಂದವರು ದಣಿವಾರಿಸಿಕೊಳ್ಳುವ ಸ್ಥಳವೆಂದು ಹೇಳುವುದು ವಾಡಿಕೆ. ಈ ಮಾತು ಮನೆಯಲ್ಲಿರುವ ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತದೆಯೇ ಎಂಬ ಸಂದೇಹ ನನಗೆ ಮೊದಲು ಹುಟ್ಟಿದ್ದು ಅರ್ಥಶಾಸ್ತ್ರದ ತರಗತಿಯಲ್ಲಲ್ಲ. 2020ನೆಯ ಇಸವಿಯ ಲಾಕ್‌ಡೌನಿನಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ. ನಾನಾಗ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿನಿ. ಗಣಿತದ ನೋಟುಪುಸ್ತಕದ ಹಿಂಬದಿಯಲ್ಲಿ ಅಂದು ಗುರುತು ಹಾಕಿಕೊಂಡ ಅಂಕಿಗಳೇ ಈ ಲೇಖನಕ್ಕೆ ಆಧಾರ. ಒಂದು ಮನೆಯ ಲೆಕ್ಕದಿಂದ ಲೋಕದ ಲೆಕ್ಕ ಹೇಳಬಾರದೆಂಬುದನ್ನು ಬಲ್ಲೆ. ಆದರೂ ಎಲ್ಲಾದರೂ ಒಂದು ಕಡೆ ಎಣಿಸಲು ತೊಡಗಬೇಕಷ್ಟೆ.

ನಮ್ಮದು ಅರಸೀಕೆರೆಯಲ್ಲಿ ರೈಲುಹಳಿಗೆ ಸಮೀಪದ ಪುಟ್ಟ ಮನೆ. ಅಜ್ಜಿ, ತಂದೆ, ತಾಯಿ, ನಾನು, ತಮ್ಮ, ಹೀಗೆ ಐದು ಜನ. ತಂದೆಯವರು ದರ್ಜಿಗಳು, ಪೇಟೆಯಲ್ಲಿ ಬಾಡಿಗೆಯ ಅಂಗಡಿ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು 21 ದಿನಗಳ ಲಾಕ್‌ಡೌನನ್ನು ಸಾರಿದರು. ಮರುದಿನವೇ ಯುಗಾದಿ. 27ರಂದು ಆರಂಭವಾಗಬೇಕಾಗಿದ್ದ ನಮ್ಮ ಪರೀಕ್ಷೆ ಅದಾಗಲೇ ಮುಂದಕ್ಕೆ ಹೋಗಿತ್ತು. ಮದುವೆಯ ಕಾಲದ ಹೊಲಿಗೆಯೆಲ್ಲ ಅಂಗಡಿಯ ಬಾಗಿಲ ಹಿಂದೆ ಉಳಿಯಿತು. ತಂದೆಯವರು ಹಬ್ಬದ ಎಲೆಯ ಮುಂದೆ ಕುಳಿತು, "ಇನ್ನೇನು, ಎಲ್ಲರಿಗೂ ರಜ" ಎಂದರು. ಒಳಗೆ ಒಬ್ಬಟ್ಟು ತಟ್ಟುತ್ತಿದ್ದ ಅಮ್ಮ ಏನೂ ಹೇಳಲಿಲ್ಲ.

ಅಮ್ಮನಿಗೆ ರೈಲುಗಳೇ ಗಡಿಯಾರವಾಗಿದ್ದವು. ಇಂಥ ಗಾಡಿ ಹೋಯಿತೆಂದರೆ ಒಲೆಗೆ ಎಸರು, ಇಂಥ ಗಾಡಿ ಬಂತೆಂದರೆ ತಮ್ಮನಿಗೆ ಸ್ನಾನ. ಪ್ರಯಾಣಿಕರ ರೈಲುಗಳು ನಿಂತುಹೋದ ಮೇಲೆ ಅವಳ ದಿನಕ್ಕೆ ಮೊದಲು ಕೊನೆ ಇಲ್ಲದಂತಾಯಿತು. ಮೊದಲಾದರೆ ಒಂಬತ್ತು ಗಂಟೆಯ ಹೊತ್ತಿಗೆ ನಾವು ಮೂವರು ಮನೆ ಬಿಡುತ್ತಿದ್ದೆವು. ತಂದೆಯವರಿಗೆ ಬುತ್ತಿ, ನನಗೂ ತಮ್ಮನಿಗೂ ಸರ್ಕಾರಿ ಶಾಲೆಯ ಬಿಸಿಯೂಟ. ಈಗ ಶಾಲೆಯ ಒಲೆ ಆರಿತು. ಆ ಊಟ ಬೇಯಿಸುವ ಕೆಲಸ ನಮ್ಮ ಮನೆಯ ಒಲೆಗೆ ವರ್ಗವಾಯಿತು. ಅಲ್ಲಿ ಅಡುಗೆಯವರಿಗೆ ಅಲ್ಪವಾದರೂ ಸಂಭಾವನೆಯಿತ್ತು. ಇಲ್ಲಿ ಅದೂ ಇಲ್ಲ. ಇದರ ಮೇಲೆ ತಂದ ತರಕಾರಿಯನ್ನೆಲ್ಲ ಉಪ್ಪುನೀರಿನಲ್ಲಿ ತೊಳೆಯುವುದು, ಹೊರಗೆ ಹೋಗಿ ಬಂದವರ ಬಟ್ಟೆ ಬಿಸಿನೀರಿನಲ್ಲಿ ನೆನೆಹಾಕುವುದು, ಹೊತ್ತು ಹೊತ್ತಿಗೆ ಕಾಫಿ. ಮಾರ್ಚ್ 28ರಿಂದ ದೂರದರ್ಶನದಲ್ಲಿ ಬೆಳಿಗ್ಗೆ 9ಕ್ಕೂ ರಾತ್ರಿ 9ಕ್ಕೂ ರಾಮಾಯಣ ಮರುಪ್ರಸಾರವಾಗುತ್ತಿತ್ತು. ನಾವು ಅದನ್ನು ನೋಡಿದೆವು; ಅಮ್ಮ ಅಡುಗೆಮನೆಯಿಂದಲೇ ಕೇಳಿದಳು.

ಏಪ್ರಿಲಿನಲ್ಲಿ ಓದಿನ ವೇಳಾಪಟ್ಟಿ ಬರೆಯುತ್ತಿದ್ದಾಗ, ಅಮ್ಮನ ವೇಳಾಪಟ್ಟಿ ಹೇಗಿದ್ದೀತೆಂಬ ಕುತೂಹಲ ಮೂಡಿತು. ಒಂದು ವಾರ ಎಲ್ಲರ ಕೆಲಸವನ್ನೂ ಗುರುತು ಹಾಕಿದೆ. ಅಮ್ಮನ ಮನೆಗೆಲಸ ದಿನಕ್ಕೆ ಸುಮಾರು 11 ಗಂಟೆ. ನನ್ನದು 2 ಗಂಟೆ. ತಂದೆಯವರದು, ಹಾಲು ತರಕಾರಿ ತರುವುದೂ ಸೇರಿ, 40 ನಿಮಿಷ. ತಮ್ಮನ ಹೆಸರಿನ ಮುಂದೆ ಸೊನ್ನೆ. ನಾನು ಹೀಗೆ ಬರೆಯುತ್ತ ಕುಳಿತಿರುವಾಗ ಅಮ್ಮ ಕೂಗಿದಳು: "ಬರೆದದ್ದು ಸಾಕು, ನೀರು ಬಂತು, ತುಂಬು ಬಾರೇ." ಎಣಿಸುವುದೂ ಕೆಲಸದಿಂದ ತಪ್ಪಿಸಿಕೊಳ್ಳುವ ಒಂದು ಉಪಾಯವೆಂದು ನನಗೆ ನಾಚಿಕೆಯಾಯಿತು.

ಕಾಲೇಜಿಗೆ ಬಂದ ಮೇಲೆ ನನ್ನ ಅಂಕಿಗಳಿಗೆ ಜೊತೆ ಸಿಕ್ಕಿತು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದರಲ್ಲಿಯೂ ತೊಡಗಿದವರೇ ಹೆಂಗಸರಲ್ಲಿ ನೂರಕ್ಕೆ 81.2, ಗಂಡಸರಲ್ಲಿ 26.1 ಮಾತ್ರ. 2024ರ ಸಮೀಕ್ಷೆಯಲ್ಲಿ ಆ ನಿಮಿಷಗಳು 289 ಮತ್ತು 88. ನಡುವಿನ ವರ್ಷಗಳಲ್ಲಿ ಇಡೀ ದೇಶ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು ಎದ್ದಿತು. ಅಂತರ ಕಡಮೆಯಾದದ್ದು ಒಂದು ನಿಮಿಷ! ಈ ದುಡಿಮೆ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬಾರದು. ಆಂಗ್ಲ ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ಈ ವಿಚಿತ್ರವನ್ನು ಎತ್ತಿ ತೋರಿಸಿದ್ದರು: ಒಬ್ಬನು ಸಂಬಳ ಕೊಡುತ್ತಿದ್ದ ಮನೆಗೆಲಸದಾಕೆಯನ್ನೇ ಮದುವೆಯಾದರೆ ರಾಷ್ಟ್ರದ ಆದಾಯ ಅಷ್ಟರಮಟ್ಟಿಗೆ ತಗ್ಗುತ್ತದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ನನಗೆ ಬಿಸಿಯೂಟ ನೆನಪಾಯಿತು.

ಅಜ್ಜಿಗೆ ಮಾತ್ರ ಇದಾವುದೂ ಹೊಸದಾಗಿರಲಿಲ್ಲ. ಪ್ಲೇಗಿನ ಕಾಲದಲ್ಲಿ ಜನ ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ಅವಳು ತನ್ನ ಅಜ್ಜಿಯಿಂದ ಕೇಳಿದ್ದಳು. ಪ್ಲೇಗು ಮನೆಯ ಇಲಿಗಳ ಚಿಗಟಗಳಿಂದ ಹರಡುವ ರೋಗವಾದ್ದರಿಂದ ಮನೆಯನ್ನೇ ತೊರೆಯಬೇಕಾಗಿತ್ತು. ಕೊರೋನಾ ಮನುಷ್ಯರ ಉಸಿರಿನಿಂದ ಹರಡುವುದರಿಂದ ಮನೆಯೊಳಗೆ ಸೇರಬೇಕಾಯಿತು. ಎರಡು ಕಾಲಕ್ಕೂ ಕಾಯಿದೆ ಮಾತ್ರ ಒಂದೇ, 1897ರದು. "ಒಳಗಿರು ಅಂದ್ರೂ ಹೊರಗಿರು ಅಂದ್ರೂ ಒಲೆ ಹೆಂಗಸಿನ ಹಿಂದೇನೇ ಬರುತ್ತೆ ಕಣೇ" ಎಂದು ಅಜ್ಜಿ ಹೇಳಿದಳು.

ನನ್ನ ಪಟ್ಟಿ ಒಂದು ದಿನ ತಂದೆಯವರ ಕಣ್ಣಿಗೆ ಬಿತ್ತು. ಅಳತೆಯ ವಿಷಯದಲ್ಲಿ ದರ್ಜಿಯೊಡನೆ ವಾದ ಮಾಡಬಾರದು. "ಹನ್ನೊಂದು ಗಂಟೆಯೇ? ತಪ್ಪಿದ್ದೀಯ" ಎಂದು, ಒಂದು ದಿನ ಪೂರ್ತಿ ಗೋಡೆಯ ಗಡಿಯಾರ ನೋಡುತ್ತ ತಾವೇ ಎಣಿಸಿದರು. ಸಂಜೆಗೆ ಬಂದದ್ದು ಹನ್ನೊಂದೂವರೆ. ಅವರು ಏನೂ ಮಾತಾಡಲಿಲ್ಲ. ಮರುದಿನ ಮುದ್ದೆಯ ಕೋಲು ಹಿಡಿದರು. ಮೊದಲ ಮುದ್ದೆ ಬರೀ ಗಂಟು. ಅಜ್ಜಿ ಕಣ್ಣು ಮುಚ್ಚಿ ನುಂಗಿದಳು. ಒಂದು ವಾರದೊಳಗೆ ಕೈ ಕುದುರಿತು. ನೀರು ತುಂಬುವುದೂ ಅವರದಾಯಿತು. ತಮ್ಮ ತಟ್ಟೆ ತೊಳೆಯಲು ಕಲಿತ, ಅಳುತ್ತಲೇ.

ಮೇ ತಿಂಗಳಲ್ಲಿ ಅಂಗಡಿ ತೆರೆಯಿತು. ತಂದೆಯವರು ಬಟ್ಟೆಯ ಮಾಸ್ಕ್ ಹೊಲಿಯಲು ಹೊರಟರು. ಮುದ್ದೆಯ ಕೋಲು ಅಮ್ಮನ ಕೈಗೆ ಮರಳಿತು. ನೀರು ತುಂಬುವುದನ್ನು ಅವರು ಈಗಲೂ ಬಿಟ್ಟಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಪರೀಕ್ಷೆ ಜೂನ್ 25ಕ್ಕೆಂದು ಗೊತ್ತಾದ ಮೇಲೆ ಅಮ್ಮ ನನಗೆ ಒಂದು ಲೋಟ ತೊಳೆಯಲೂ ಬಿಡಲಿಲ್ಲ. ಆ ನೋಟುಪುಸ್ತಕ ಇನ್ನೂ ನನ್ನಲ್ಲಿದೆ. ಜೂನಿನ ಪುಟದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆಯಿದೆ. ಅಮ್ಮನ ಹೆಸರಿನ ಮುಂದೆ ಎರಡು ಗಂಟೆ ಹೆಚ್ಚಾಗಿದೆ.