ತ್ರೈರಾಶಿಕವೂ ಸುಣ್ಣದ ಕಲ್ಲೂ: ರಸಾಯನಶಾಸ್ತ್ರದ ಲೆಕ್ಕಗಳಲ್ಲಿ ಮೋಲಿನ ಸ್ಥಾನ

ಜಾತ್ರೆ ಸಮೀಪಿಸಿತೆಂದರೆ ಮಠಗಳ ಗೋಡೆಗಳಿಗೆ ಸುಣ್ಣ ಬಳಿಯುವ ಕಾರ್ಯ ಮೊದಲಾಗುವುದು ವಾಡಿಕೆ. ಭಟ್ಟಿಯಿಂದ ಬಂದ ಸುಟ್ಟ ಸುಣ್ಣದ ಹೆಂಟೆಗಳನ್ನು ತೊಟ್ಟಿಗೆ ಸುರಿದು ನೀರು ಹೊಯ್ದರೆ ಅವು ಬುಸುಗುಟ್ಟುತ್ತವೆ, ಕಾಯುತ್ತವೆ, ಒಡೆದು ಹಿಟ್ಟಿನಂತೆ ಅರಳುತ್ತವೆ. ಬಣ್ಣದ ಡಬ್ಬಿಗಳು ಬಂದ ಮೇಲೆ ಈ ನೋಟ ವಿರಳವಾಗಿದೆಯಾದರೂ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಇದು ಅಪರಿಚಿತವೇನಲ್ಲ. ಆದರೆ ಅದೇ ವಿದ್ಯಾರ್ಥಿಗೆ ತರಗತಿಯಲ್ಲಿ “250 ಗ್ರಾಂ ಸುಣ್ಣದ ಕಲ್ಲನ್ನು ಸಂಪೂರ್ಣವಾಗಿ ಸುಟ್ಟರೆ ದೊರೆಯುವ ಸುಟ್ಟ ಸುಣ್ಣವೆಷ್ಟು?” ಎಂದು ಪ್ರಶ್ನಿಸಿದೊಡನೆ ಅವನ ಮುಖ ಬಾಡುತ್ತದೆ. ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಹೋಗುವವರೇ ಹೆಚ್ಚು.

ಇದಕ್ಕೆ ಗಣಿತದ ದೌರ್ಬಲ್ಯ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಪೂರ್ತಿ ಸರಿಯಲ್ಲ. ಐದು ಕಿಲೋ ಅಕ್ಕಿಗೆ ಇಷ್ಟು ರೂಪಾಯಿಯಾದರೆ ಎಂಟು ಕಿಲೋಗೆ ಎಷ್ಟು ಎಂಬ ಲೆಕ್ಕವನ್ನು ಅದೇ ವಿದ್ಯಾರ್ಥಿ ಬಾಯಲ್ಲಿಯೇ ಮಾಡುತ್ತಾನೆ. ರಸಾಯನಶಾಸ್ತ್ರದ ಈ ಲೆಕ್ಕಕ್ಕೆ ಬೇಕಾದ ಗಣಿತವೂ ಅಷ್ಟೇ. ಅದಕ್ಕಿಂತ ಒಂದು ಮೆಟ್ಟಿಲೂ ಮೇಲಿನದಲ್ಲ. ಅದು ಪ್ರಾಚೀನರ ತ್ರೈರಾಶಿಕ. ಕ್ರಿ.ಶ. 499ರ ಆರ್ಯಭಟೀಯದಲ್ಲಿಯೂ, ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಈ ನಿಯಮವಿದೆ. ಕನ್ನಡದಲ್ಲಿ ರಾಜಾದಿತ್ಯನು ತನ್ನ ವ್ಯವಹಾರಗಣಿತದಲ್ಲಿ ಇದನ್ನು ವಿವರಿಸಿದ್ದಾನೆ. ತಿಳಿದ ರಾಶಿಗಳು ಮೂರು: ಪ್ರಮಾಣ, ಫಲ, ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ನಾಲ್ಕನೆಯದಾದ ಇಚ್ಛಾಫಲ ದೊರೆಯುತ್ತದೆ. ಅಕ್ಕಿಯ ಲೆಕ್ಕದಲ್ಲಿ ಐದು ಕಿಲೋ ಪ್ರಮಾಣ, ಅದರ ಬೆಲೆ ಫಲ, ಎಂಟು ಕಿಲೋ ಇಚ್ಛೆ.

ಆದರೆ ಭಾಸ್ಕರಾಚಾರ್ಯನು ನಿಯಮದೊಡನೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ಪ್ರಮಾಣವು ಕಿಲೋಗಳಲ್ಲಿದ್ದರೆ ಇಚ್ಛೆಯೂ ಕಿಲೋಗಳಲ್ಲಿಯೇ ಇರತಕ್ಕದ್ದು. ಒಂದು ತೂಕ, ಇನ್ನೊಂದು ಎಣಿಕೆ ಆಗಕೂಡದು. ಇಂದಿನ ವಿದ್ಯಾರ್ಥಿಗಳು ತ್ರೈರಾಶಿಕವನ್ನು ಕಲಿತಿದ್ದಾರೆ, ಈ ಎಚ್ಚರಿಕೆಯನ್ನು ಕಲಿತಿಲ್ಲ. ರಾಸಾಯನಿಕ ಲೆಕ್ಕಗಳಲ್ಲಿ ಅವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ನೀರಿನ ಉತ್ಪತ್ತಿಯನ್ನು ನೋಡಬಹುದು. ಜಲಜನಕದ 2 ಅಣುಗಳು ಆಮ್ಲಜನಕದ 1 ಅಣುವಿನೊಡನೆ ಕೂಡಿ ನೀರಿನ 2 ಅಣುಗಳಾಗುತ್ತವೆ. ಸಮೀಕರಣದಲ್ಲಿ 2, 1, 2 ಎಂಬ ಅಂಕಿಗಳನ್ನು ಕಂಡ ವಿದ್ಯಾರ್ಥಿ 2 ಗ್ರಾಂ ಜಲಜನಕಕ್ಕೆ 1 ಗ್ರಾಂ ಆಮ್ಲಜನಕ ಸಾಕೆಂದು ಬರೆಯುತ್ತಾನೆ. ದೊರೆಯುವ ನೀರು 2 ಗ್ರಾಂ ಎಂದೂ ಬರೆಯುತ್ತಾನೆ. ಮೂರು ಗ್ರಾಂ ಕೂಡಿಸಿ ಎರಡು ಗ್ರಾಂ ಪಡೆದೆನಲ್ಲ, ಒಂದು ಗ್ರಾಂ ಎಲ್ಲಿ ಹೋಯಿತು ಎಂದು ಅವನು ಕೇಳಿಕೊಳ್ಳುವುದಿಲ್ಲ. ಸಮೀಕರಣದ ಅಂಕಿಗಳು ಅಣುಗಳ ಎಣಿಕೆ. ತಕ್ಕಡಿ ತೋರಿಸುವುದು ತೂಕ. ವಾಸ್ತವದಲ್ಲಿ 2 ಗ್ರಾಂ ಜಲಜನಕಕ್ಕೆ 16 ಗ್ರಾಂ ಆಮ್ಲಜನಕ ಬೇಕು; ಆಗುವ ನೀರು 18 ಗ್ರಾಂ.

ಸಮೀಕರಣವನ್ನು ಸರಿದೂಗಿಸುವಾಗ ಆಗುವ ಪ್ರಮಾದ ಬೇರೆ ಬಗೆಯದು. ಕ್ರಿಯೆಯ ಮೊದಲು ಇದ್ದ ಪ್ರತಿಯೊಂದು ಪರಮಾಣುವೂ ಕ್ರಿಯೆಯ ನಂತರವೂ ಇರಲೇಬೇಕು. ಜಮೆಗೂ ಖರ್ಚಿಗೂ ಲೆಕ್ಕ ತಾಳೆಯಾಗಲೇಬೇಕು. (ಬಸವಣ್ಣನವರು ಬಿಜ್ಜಳನ ಬಳಿ ಮೊದಲು ಕರಣಿಕರಾಗಿದ್ದರೆಂದು ಪುರಾಣಗಳು ವರ್ಣಿಸುತ್ತವೆ. ಕರಣಿಕನ ಕಣ್ಣು ರಸಾಯನಶಾಸ್ತ್ರಕ್ಕೂ ಅವಶ್ಯ.) ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ, ನೀರಿನ ಅಣುವಿನಲ್ಲಿ ಒಂದೇ ಇದೆ. ತಾಳೆ ತಪ್ಪಿತು. ಆಗ ವಿದ್ಯಾರ್ಥಿ ಸುಲಭೋಪಾಯವೆಂದು ನೀರಿನ ಸೂತ್ರದಲ್ಲಿ ಆಮ್ಲಜನಕದ ಅಡಿಯಲ್ಲಿ ಎರಡು ಎಂದು ಬರೆದುಬಿಡುತ್ತಾನೆ. ಲೆಕ್ಕ ಕೂಡಿತು, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಬಂದಿತು! ಕೂದಲಿನ ಬಣ್ಣ ತೆಗೆಯುವ ಆ ದ್ರವವನ್ನು ನೀರೆಂದು ಯಾರೂ ಕುಡಿಯಲಾರರು.

ಕನ್ನಡ ಬಲ್ಲ ಬಾಲಕನಿಗೆ ಇದನ್ನು ಕನ್ನಡದಿಂದಲೇ ತಿಳಿಸಬಹುದು. ‘ಕತೆ’ ಎಂಬಲ್ಲಿ ತಕಾರಕ್ಕೆ ಒತ್ತು ಕೊಟ್ಟರೆ ‘ಕತ್ತೆ’ಯಾಗುತ್ತದೆ. ಎರಡು ಕತೆಗಳು ಬೇಕೆಂದರೆ ‘ಎರಡು ಕತೆ’ ಎಂದು ಪದದ ಎಡಕ್ಕೆ ಸಂಖ್ಯೆಯನ್ನು ಬರೆಯಬೇಕಲ್ಲದೆ ಅಕ್ಷರದ ಅಡಿಯಲ್ಲಿ ಒತ್ತು ಸೇರಿಸತಕ್ಕದ್ದಲ್ಲ. ಸೂತ್ರದ ಅಡಿಯಲ್ಲಿರುವ ಅಂಕಿ ಆ ಪದಾರ್ಥದ ಸ್ವರೂಪಕ್ಕೆ ಸೇರಿದ್ದು. ಅದನ್ನು ಮುಟ್ಟುವ ಅಧಿಕಾರ ಲೆಕ್ಕ ಮಾಡುವವನಿಗಿಲ್ಲ. ಅವನಿಗಿರುವ ಸ್ವಾತಂತ್ರ್ಯವೆಲ್ಲ ಎಡಗಡೆಯ ಅಂಕಿಯಲ್ಲಿ ಮಾತ್ರ.

ಪದಾರ್ಥಗಳ ಸೂತ್ರಗಳು ಕೂಡ ವಿದ್ವಾಂಸರಿಗೆ ಒಮ್ಮೆಗೇ ಸ್ಥಿರವಾಗಿ ದೊರೆತವಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪರಮಾಣು ತೂಕಗಳ ವಿಷಯದಲ್ಲಿಯೇ ಒಮ್ಮತವಿರಲಿಲ್ಲ. ಆಮ್ಲಜನಕಕ್ಕೆ 8 ಎನ್ನುವವರೂ 16 ಎನ್ನುವವರೂ ಇದ್ದರು. ಅದರಿಂದ ನೀರಿನ ಸೂತ್ರವೂ ಎರಡು ಬಗೆಯಾಗಿತ್ತು. ಜರ್ಮನಿಯ ಕೆಕುಲೆ 1861ರಲ್ಲಿ ಪ್ರಕಟಿಸಿದ ಪಠ್ಯಗ್ರಂಥದಲ್ಲಿ ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಬಗೆಯ ಸೂತ್ರಗಳನ್ನು ಕೊಟ್ಟಿದ್ದಾನೆ. ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಈ ಸಂಕಟ ಅರ್ಥವಾದೀತು. ಇದರ ಪರಿಹಾರಕ್ಕಾಗಿಯೇ 1860ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ರೂಹೆ ನಗರದಲ್ಲಿ ರಸಾಯನವಿಜ್ಞಾನಿಗಳ ಸಮ್ಮೇಳನ ಸೇರಿತು. ಅಲ್ಲಿ ಇಟಲಿಯ ಕನಿಜಾರೊ ತನ್ನ ದೇಶೀಯನಾದ ಅವೊಗಾಡ್ರೊವಿನ ಸಿದ್ಧಾಂತವನ್ನು ಎತ್ತಿಹಿಡಿದನು. ಸಮಾನ ಉಷ್ಣತೆ, ಸಮಾನ ಒತ್ತಡದಲ್ಲಿರುವ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ ಎಂಬುದೇ 1811ರ ಆ ಸಿದ್ಧಾಂತ. ಕನಿಜಾರೊ ಬರೆದ ಚಿಕ್ಕ ಪುಸ್ತಿಕೆಯನ್ನು ಅಲ್ಲಿ ಹಂಚಲಾಯಿತು. ಅದನ್ನು ಓದಿದ ಮೇಲೆ ಕ್ರಮೇಣ ಗೊಂದಲ ತಿಳಿಯಾಯಿತು. ಅವೊಗಾಡ್ರೊ ಅದಕ್ಕೆ ನಾಲ್ಕು ವರ್ಷ ಮೊದಲೇ, 1856ರಲ್ಲಿ, ತೀರಿಕೊಂಡಿದ್ದನು.

ಇನ್ನು ಎಣಿಕೆಯಿಂದ ತೂಕಕ್ಕೆ ಹೋಗುವ ದಾರಿ. ದಾಸೋಹದ ಉಗ್ರಾಣದಲ್ಲಿ ತೆಂಗಿನಕಾಯಿಯನ್ನು ಎಣಿಸುತ್ತಾರೆ, ಜೋಳವನ್ನು ತೂಗುತ್ತಾರೆ. ಜೋಳದ ಕಾಳನ್ನು ಎಣಿಸುವುದು ಅಸಾಧ್ಯವೆಂದಲ್ಲ, ಹುಚ್ಚುತನವೆಂದು. ಅಣುಗಳಾದರೋ ಕಣ್ಣಿಗೇ ಕಾಣುವುದಿಲ್ಲ. ಅವುಗಳನ್ನು ತೂಕದ ಮೂಲಕವೇ ಎಣಿಸಬೇಕು. ಒಂದು ನಿಶ್ಚಿತ ಸಂಖ್ಯೆಯ ಕಣಗಳಿಗೆ ಒಂದು ಹೆಸರನ್ನಿಟ್ಟುಕೊಂಡರೆ, ಡಜನ್ ಎಂಬಂತೆ, ಕೆಲಸ ಸುಲಭ. ಆ ಹೆಸರೇ ಮೋಲ್. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಓಸ್ಟ್‌ವಾಲ್ಡ್ ಎಂಬ ವಿದ್ವಾಂಸನಿಂದ ಈ ಪದ ಬಳಕೆಗೆ ಬಂದಿತು. 1971ರಲ್ಲಿ ಅದು ಅಂತಾರಾಷ್ಟ್ರೀಯ ಮಾನಪದ್ಧತಿಯ ಮೂಲಮಾನಗಳಲ್ಲಿ ಒಂದಾಯಿತು. 12 ಗ್ರಾಂ ತೂಕದ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಕಣಗಳೆಂಬುದು ಆಗಿನ ವ್ಯಾಖ್ಯೆ. 2019ರ ಮೇ 20ರಿಂದ ಆ ಸಂಖ್ಯೆಯನ್ನೇ 6.02214076 × 10²³ ಎಂದು ನಿಷ್ಕರ್ಷಿಸಲಾಗಿದೆ. ಪ್ರಾಚೀನರ ಸಂಖ್ಯಾಸ್ಥಾನಗಳಲ್ಲಿ ಕೊನೆಯದು ಪರಾರ್ಧ, ಎಂದರೆ ಒಂದರ ಮುಂದೆ 17 ಸೊನ್ನೆ. ಅಂಥ ಪರಾರ್ಧಗಳು ಸುಮಾರು 60 ಲಕ್ಷ 22 ಸಾವಿರ ಸೇರಿದರೆ ಒಂದು ಮೋಲ್. ಅಷ್ಟು ಅಣುಗಳ ನೀರು ಒಂದು ಗುಟುಕಿಗಿಂತ ಹೆಚ್ಚಿಲ್ಲ, 18 ಗ್ರಾಂ.

ಈ ಮಹಾಸಂಖ್ಯೆಯನ್ನು ಕಂಠಪಾಠ ಮಾಡಿಸುವುದರಲ್ಲಿಯೇ ಪಾಠ ಮುಗಿಯುವುದು ವಿಷಾದಕರ. ಸಾಮಾನ್ಯ ಲೆಕ್ಕಗಳಲ್ಲಿ ಅದು ಬೇಕಾಗುವುದೇ ಇಲ್ಲ. ಬೇಕಾದದ್ದು ಇಷ್ಟೇ: ಯಾವುದೇ ಪದಾರ್ಥದ ಅಣುತೂಕವನ್ನು ಗ್ರಾಂಗಳಲ್ಲಿ ತೆಗೆದುಕೊಂಡರೆ ಅದು ಒಂದು ಮೋಲ್. ಕೊಟ್ಟ ತೂಕವನ್ನು ಅಣುತೂಕದಿಂದ ಭಾಗಿಸಿದರೆ ಮೋಲುಗಳು ಬರುತ್ತವೆ, ಮೋಲುಗಳನ್ನು ಅಣುತೂಕದಿಂದ ಗುಣಿಸಿದರೆ ತೂಕ ಬರುತ್ತದೆ. ಹೀಗೆ ಇಚ್ಛೆಯು ಸಮೀಕರಣದ ಜಾತಿಗೆ ಸೇರಿತು. ತ್ರೈರಾಶಿಕದ ಎಚ್ಚರಿಕೆ ಪಾಲಿಸಿದಂತಾಯಿತು.

ಈಗ ಸುಣ್ಣದ ಕಲ್ಲಿಗೆ ಬರಬಹುದು. ಬಾಗಲಕೋಟೆ, ಕಲಬುರಗಿ ಜಿಲ್ಲೆಗಳ ನೆಲದಲ್ಲಿ ಹೇರಳವಾಗಿರುವ ಈ ಕಲ್ಲಿನ ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ ಒಂದು, ಇಂಗಾಲ ಒಂದು, ಆಮ್ಲಜನಕ ಮೂರು, ತೂಕ 40, 12, 48, ಒಟ್ಟು 100. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಒಡೆಯುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಇಂಗಾಲದ ಡೈಆಕ್ಸೈಡ್

ಒಂದು ಮೋಲಿಗೆ ಒಂದು ಮೋಲ್, ಒಂದು ಮೋಲ್. ತೂಕದಲ್ಲಿ 100 ಹೋಗಿ 56 ಮತ್ತು 44. ಪ್ರಶ್ನೆಯಲ್ಲಿನ 250 ಗ್ರಾಂ ಶುದ್ಧ ಕಲ್ಲೆಂದರೆ 2.5 ಮೋಲ್, ದೊರೆಯುವ ಸುಟ್ಟ ಸುಣ್ಣವೂ 2.5 ಮೋಲ್, ಅದನ್ನು 56ರಿಂದ ಗುಣಿಸಿದರೆ 140 ಗ್ರಾಂ. ಉಳಿದ 110 ಗ್ರಾಂ ಭಟ್ಟಿಯ ಬಾಯಿಂದ ಗಾಳಿಗೆ ಸೇರಿತು.

ಮೋಲ್ ಎಂಬ ಮಾತೇ ಇಲ್ಲದ ಕಾಲದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಲೆಕ್ಕವನ್ನು ತಕ್ಕಡಿಯಿಂದಲೇ ಕಂಡಿದ್ದನು. 1756ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ 120 ಗ್ರೇನ್ ಸೀಮೆಸುಣ್ಣವನ್ನು ಸುಟ್ಟು 68 ಗ್ರೇನ್ ಸುಟ್ಟ ಸುಣ್ಣ ಪಡೆದ ವಿವರವಿದೆ. ಇಂದಿನ ಲೆಕ್ಕದಂತೆ 67.2 ಗ್ರೇನ್ ಆಗಬೇಕು. ಅವನು ಅಷ್ಟಕ್ಕೇ ನಿಲ್ಲದೆ ಆ ಸುಣ್ಣವನ್ನು ಕ್ಷಾರದ ದ್ರಾವಣದಲ್ಲಿ ಹಾಕಿ, ಕಳೆದುಹೋಗಿದ್ದ ಅನಿಲವನ್ನು ಕ್ಷಾರದಿಂದ ಮರಳಿ ಕೊಡಿಸಿ, ತೊಳೆದು ಒಣಗಿಸಿ ತೂಗಿದನು: 118 ಗ್ರೇನ್. ಎರಡೇ ಗ್ರೇನ್ ಕೊರತೆ! ಕಣ್ಣಿಗೆ ಕಾಣದ ಗಾಳಿಗೂ ತೂಕವುಂಟು, ಅದನ್ನು ಕಲ್ಲಿನಲ್ಲಿ ಹಿಡಿದಿಡಬಹುದು ಎಂಬುದು ಹೀಗೆ ಖಚಿತವಾಯಿತು.

ಎಡಗಡೆಯ ಅಂಕಿಗಳು ಸಮವಾಗಿಲ್ಲದಾಗ ಮೋಲಿನ ಉಪಯೋಗ ಇನ್ನೂ ಸ್ಪಷ್ಟ. ಪ್ರಯೋಗಶಾಲೆಯಲ್ಲಿ ಅಮೃತಶಿಲೆಯ ಚೂರುಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಇಂಗಾಲದ ಡೈಆಕ್ಸೈಡ್ ತಯಾರಿಸುವುದುಂಟು. ಇಲ್ಲಿ 1 ಮೋಲ್ ಕಾರ್ಬೊನೇಟಿಗೆ 2 ಮೋಲ್ ಆಮ್ಲ ಬೇಕು. 10 ಗ್ರಾಂ ಶಿಲೆಗೆ 20 ಗ್ರಾಂ ಆಮ್ಲವೆಂದು ಬರೆಯುವವರು ಅನೇಕರು. ಆದರೆ 10 ಗ್ರಾಂ ಶಿಲೆ 0.1 ಮೋಲ್, ಆಮ್ಲ 0.2 ಮೋಲ್, ಆಮ್ಲದ ಅಣುತೂಕ 36.5 ಆದ್ದರಿಂದ 7.3 ಗ್ರಾಂ ಸಾಕು. (ಇದು ದ್ರಾವಣದಲ್ಲಿರುವ ಆಮ್ಲದ ತೂಕ, ಅದರೊಡನಿರುವ ನೀರು ಲೆಕ್ಕಕ್ಕಿಲ್ಲ.) ದೊರೆಯುವುದು ಕ್ಯಾಲ್ಸಿಯಂ ಕ್ಲೋರೈಡ್ 11.1 ಗ್ರಾಂ, ನೀರು 1.8 ಗ್ರಾಂ, ಇಂಗಾಲದ ಡೈಆಕ್ಸೈಡ್ 4.4 ಗ್ರಾಂ. ಎರಡು ಕಡೆಯೂ 17.3 ಗ್ರಾಂ, ಕರಣಿಕನಿಗೆ ತೃಪ್ತಿ.

ಅದೇ 10 ಗ್ರಾಂ ಶಿಲೆಗೆ 3.65 ಗ್ರಾಂ ಆಮ್ಲ ಮಾತ್ರ ಇದ್ದರೆ? ಎರಡೂ 0.1 ಮೋಲ್, ಎಣಿಕೆಯಲ್ಲಿ ಸಮ. ಆದರೂ ಆಮ್ಲವೇ ಮೊದಲು ತೀರುತ್ತದೆ. ಎಲೆಗೆ ಎರಡು ಹೋಳಿಗೆಯಂತೆ ಬಡಿಸುವ ಪಂಕ್ತಿಯಲ್ಲಿ ನೂರು ಎಲೆ, ನೂರು ಹೋಳಿಗೆ ಇದ್ದರೆ ಐವತ್ತು ಎಲೆ ಬರಿದಾಗಿಯೇ ಉಳಿಯುತ್ತವೆ. ಇಲ್ಲಿಯೂ 5 ಗ್ರಾಂ ಶಿಲೆ ಹಾಗೆಯೇ ಉಳಿದು, 2.2 ಗ್ರಾಂ ಅನಿಲ ಮಾತ್ರ ದೊರೆಯುತ್ತದೆ. ಮೊದಲು ತೀರುವ ದ್ರವ್ಯವನ್ನು ಗುರುತಿಸದೆ ಮಾಡಿದ ಲೆಕ್ಕವೆಲ್ಲ ವ್ಯರ್ಥ.

ಅಧ್ಯಾಪಕರು ತರಗತಿಯಲ್ಲಿ ಒಂದು ಅಭ್ಯಾಸವನ್ನು ಬೆಳೆಸಬಹುದು. ವಿದ್ಯಾರ್ಥಿ ಬರೆಯುವ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಏನು, ಯಾವುದರದು ಎಂದು ಕನ್ನಡದಲ್ಲಿ ಬರೆಯಿಸಬೇಕು. ಬರಿಯ ‘2.5’ ಎಂದರೆ ಅಂಕ ಕೊಡಬಾರದು. ‘ಸುಟ್ಟ ಸುಣ್ಣ 2.5 ಮೋಲ್’ ಎಂದಿರಬೇಕು. ಆರಂಭದಲ್ಲಿ ಬೇಸರವಾಗುತ್ತದೆ, ಬರವಣಿಗೆ ಬೆಳೆಯುತ್ತದೆ. ಆದರೆ ಜಾತಿ ತಪ್ಪಿದ ತ್ರೈರಾಶಿಕ ಬರೆದವನ ಕಣ್ಣಿಗೇ ಬೀಳುವುದು ಈ ರೀತಿಯಿಂದ ಮಾತ್ರ.

ಭಟ್ಟಿಯಿಂದ ಬರುವ ಕಲ್ಲು ಶುದ್ಧವಾಗಿರುವುದು ಅಪರೂಪ. ನೂರಕ್ಕೆ 90 ಪಾಲು ಕಾರ್ಬೊನೇಟ್ ಇದ್ದು ಉಳಿದದ್ದು ಸುಟ್ಟರೂ ತೂಕ ಕಳೆಯದ ಮರಳೆಂದು ಎಣಿಸಿದರೆ, 1000 ಕಿಲೋ ಕಲ್ಲಿನಲ್ಲಿ ಕಾರ್ಬೊನೇಟ್ 900 ಕಿಲೋ. ಅದರಿಂದ ಸುಣ್ಣ 504 ಕಿಲೋ. ಮರಳು 100 ಕಿಲೋ. ಭಟ್ಟಿಯಲ್ಲಿ ಉಳಿಯುವ ತೂಕ 604 ಕಿಲೋ. ಶುದ್ಧ ಕಲ್ಲಾಗಿದ್ದರೆ 560 ಕಿಲೋ ಮಾತ್ರ ಉಳಿಯುತ್ತಿತ್ತು. ಎಂದರೆ ಕಲ್ಲು ಕೆಟ್ಟದಾದಷ್ಟೂ ತೂಕ ಹೆಚ್ಚು ಉಳಿಯುತ್ತದೆ! ಸರಿಯಾಗಿ ಬೇಯದ ಕಲ್ಲೂ ಹಾಗೆಯೇ ತೂಗುತ್ತದೆ. ಹೆಚ್ಚು ತೂಕ ಬಂದಿತೆಂದು ಹಿಗ್ಗುವ ಗ್ರಾಹಕನು ಮರಳಿಗೆ ಸುಣ್ಣದ ಬೆಲೆ ತೆರುತ್ತಾನೆ. ಜಾಣನಾದವನು ನೋಡಬೇಕಾದದ್ದು ಕಳೆದ ತೂಕವನ್ನು. ಮೇಲಿನ ಉದಾಹರಣೆಯಲ್ಲಿ ಕಳೆದದ್ದು 396 ಕಿಲೋ. 44 ಕಳೆಯಬೇಕಾದರೆ 100 ಕಾರ್ಬೊನೇಟ್ ಒಡೆಯಬೇಕು, 396ಕ್ಕೆ 900. ಒಣಗಿದ ಕಲ್ಲಿನ ಚಿಕ್ಕ ತುಣುಕೊಂದನ್ನು ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಕಾಯಿಸಿ, ಮೊದಲು ಒಮ್ಮೆ, ಅನಂತರ ಒಮ್ಮೆ ತೂಗಿದರೆ ಈ ಪರೀಕ್ಷೆ ಮುಗಿಯಿತು.

ಸುಟ್ಟ ಸುಣ್ಣಕ್ಕೆ ನೀರು ಹಾಕುವ ಲೆಕ್ಕವೂ ಇದೇ ದಾರಿಯದು. 56 ಕಿಲೋ ಸುಣ್ಣ 18 ಕಿಲೋ ನೀರನ್ನು ಹೀರಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ತೊಟ್ಟಿಗೆ ಹೊಯ್ಯುವ ನೀರು ಇದಕ್ಕಿಂತ ಬಹಳ ಹೆಚ್ಚು. ಅದರಲ್ಲಿ ಒಂದು ಭಾಗ ಕಾವಿಗೆ ಆವಿಯಾಗುತ್ತದೆ, ಉಳಿದದ್ದು ಸುಣ್ಣವನ್ನು ತೆಳುವಾಗಿಸಲು ಬೇಕು. ಗೋಡೆಗೆ ಬಳಿದ ಮೇಲೆ ಆ 74 ಕಿಲೋ ಸುಣ್ಣ ವಾತಾವರಣದಿಂದ ನಿಧಾನವಾಗಿ 44 ಕಿಲೋ ಇಂಗಾಲದ ಡೈಆಕ್ಸೈಡನ್ನು ಪಡೆದು ಮತ್ತೆ 100 ಕಿಲೋ ಕಾರ್ಬೊನೇಟಾಗುತ್ತದೆ. ಭಟ್ಟಿಯಲ್ಲಿ ಕಲ್ಲು ಕಳೆದುಕೊಂಡದ್ದೂ 44 ಕಿಲೋ. ಗೋಡೆಯಿಂದ ಹೊರಟುಹೋಗುವ ನೀರು 18 ಕಿಲೋ. ತೊಟ್ಟಿಯಲ್ಲಿ ಸುಣ್ಣ ಹೀರಿದ್ದೂ ಅಷ್ಟೇ.