ಹೊಲದ ಕಂದಾಯ: ಶಾನುಭೋಗರ ಚಾವಡಿಯಿಂದ ವಿಧಾನಸೌಧದ ತನಕ



2023ರ ಬರದಲ್ಲಿ ನಮ್ಮ ರಾಗಿ ಹೊಲ ಪೂರ್ತಿ ಒಣಗಿತು. ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂತು, ನಮಗೆ ಬರಲಿಲ್ಲ. ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ನಮ್ಮ ತಾತನ ಹೆಸರೇ ಇತ್ತು. ತಾತ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು! "ಹೊಲ ಎಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದಲ್ಲ ಅಂತ ಸುಮ್ಮನಿದ್ದೆ ಮಗಾ" ಅಂದರು ಅಪ್ಪ. ಅಪ್ಪನ ಜೊತೆ ಕಚೇರಿಗಳಿಗೆ ಓಡಾಡಿದಾಗ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕಂದಾಯ ಯಾರಿಗೆ?
ಮನೆ ಕಂದಾಯ ಬೇರೆ, ಹೊಲದ ಕಂದಾಯ ಬೇರೆ. ಮನೆ ಕಂದಾಯವನ್ನು ಗ್ರಾಮ ಪಂಚಾಯಿತಿಗೆ ಕಟ್ಟುತ್ತೇವೆ. ಹೊಲದ ಕಂದಾಯ ರಾಜ್ಯ ಸರ್ಕಾರದ್ದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಭೂಕಂದಾಯವು ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದ ದೆಹಲಿಯ ಸರ್ಕಾರ ಇದನ್ನು ವಸೂಲು ಮಾಡುವುದಿಲ್ಲ. ನಮ್ಮ ರಾಜ್ಯದಲ್ಲಿ 1964ರ ಭೂಕಂದಾಯ ಕಾಯ್ದೆಯಂತೆ ಕೆಲಸ ನಡೆಯುತ್ತದೆ.

ಮೆಟ್ಟಿಲುಗಳು
1. ಗ್ರಾಮ: ಹಿಂದೆ ಊರಿನ ಲೆಕ್ಕ ಬರೆಯುತ್ತಿದ್ದವರು ಶಾನುಭೋಗರು, ವಸೂಲಿ ನೋಡಿಕೊಳ್ಳುತ್ತಿದ್ದವರು ಪಟೇಲರು. ಈ ಕೆಲಸ ತಂದೆಯಿಂದ ಮಗನಿಗೆ ಬರುತ್ತಿತ್ತು. 1961ರ ಕಾಯ್ದೆಯಿಂದ ಅದು ರದ್ದಾಯಿತು. ಆಮೇಲೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ಒಬ್ಬರ ವೃತ್ತಕ್ಕೆ ಹಲವು ಹಳ್ಳಿ ಸೇರಿರುತ್ತವೆ.
2. ಹೋಬಳಿ: ಇಲ್ಲಿ ಕಂದಾಯ ನಿರೀಕ್ಷಕರು ಇರುತ್ತಾರೆ. ಅರ್ಜಿ ಕೊಡುವ ನಾಡಕಚೇರಿಯೂ ಇಲ್ಲೇ.
3. ತಾಲ್ಲೂಕು: ತಹಶೀಲ್ದಾರರು.
4. ಉಪವಿಭಾಗ: ಕೆಲವು ತಾಲ್ಲೂಕು ಸೇರಿ ಒಂದು ಉಪವಿಭಾಗ. ಇದಕ್ಕೆ ಉಪವಿಭಾಗಾಧಿಕಾರಿ. ಜನ 'ಎ.ಸಿ. ಸಾಹೇಬ್ರು' ಅನ್ನುವುದು ಇವರನ್ನೇ.
5. ಜಿಲ್ಲೆ: ಜಿಲ್ಲಾಧಿಕಾರಿ, ಅಂದರೆ 'ಡಿ.ಸಿ.'
6. ವಿಭಾಗ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು. ಒಂದೊಂದಕ್ಕೆ ಒಬ್ಬ ಪ್ರಾದೇಶಿಕ ಆಯುಕ್ತರು.
7. ರಾಜ್ಯ: ಎಲ್ಲಕ್ಕೂ ಮೇಲೆ ಕಂದಾಯ ಇಲಾಖೆ ಮತ್ತು ಕಂದಾಯ ಮಂತ್ರಿಗಳು.

ಕಂದಾಯ ಕಡಿಮೆ, ಪಹಣಿ ದೊಡ್ಡದು
ಹಿಂದೆ ರಾಜರ ಬೊಕ್ಕಸ ತುಂಬುತ್ತಿದ್ದದ್ದೇ ಭೂಕಂದಾಯದಿಂದ. ಈಗ ನಮ್ಮ ಒಂದು ಎಕರೆಯ ಕಂದಾಯ ಒಂದು ಪೆನ್ನಿನ ಬೆಲೆಯಷ್ಟೂ ಇಲ್ಲ. ಹಾಗಾದರೆ ಇಷ್ಟೊಂದು ಅಧಿಕಾರಿಗಳು ಏಕೆ ಎಂದು ನನಗೂ ಅನ್ನಿಸಿತು. ಕಂದಾಯಕ್ಕಿಂತ ದೊಡ್ಡ ಕೆಲಸ ಅಂದರೆ ಯಾವ ಹೊಲ ಯಾರದು ಎಂಬ ದಾಖಲೆ ಇಡುವುದು. ಅದೇ ಪಹಣಿ. ಸರ್ವೆ ನಂಬರು, ಎಕರೆ-ಗುಂಟೆ, ಮಾಲೀಕರ ಹೆಸರು, ಬೆಳೆ, ಸಾಲ ಎಲ್ಲ ಅದರಲ್ಲಿರುತ್ತದೆ. (40 ಗುಂಟೆಗೆ 1 ಎಕರೆ.) ಪಹಣಿಯಲ್ಲಿ ಬರೆದದ್ದು ತಪ್ಪೆಂದು ರುಜುವಾಗುವ ತನಕ ಅದೇ ನಿಜವೆಂದು ಕಾನೂನು ತಿಳಿಯುತ್ತದೆ. ಮೊದಲು ಇದನ್ನು ಕೈಯಲ್ಲಿ ಬರೆಯುತ್ತಿದ್ದರು. 'ಭೂಮಿ' ಯೋಜನೆ ಬಂದ ಮೇಲೆ ಕಂಪ್ಯೂಟರಿನಿಂದ ಸಿಗುತ್ತದೆ.

ಹೆಸರು ಬದಲಾಗುವುದು ಹೇಗೆ?
ಮನೆಯ ಹಿರಿಯರು ತೀರಿಕೊಂಡರೆ ಹೊಲ ತಾನಾಗಿ ಮಕ್ಕಳ ಹೆಸರಿಗೆ ಬರುವುದಿಲ್ಲ. ಮೂರು ತಿಂಗಳೊಳಗೆ ತಿಳಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಬಿಡಬಾರದು. ನೋಟೀಸು ಹಾಕಿ, ತಕರಾರು ಬಾರದಿದ್ದರೆ ಕಂದಾಯ ನಿರೀಕ್ಷಕರು ಹೆಸರು ಸೇರಿಸಲು ಒಪ್ಪಿಗೆ ಕೊಡುತ್ತಾರೆ. ತಕರಾರು ಬಂದರೆ ವಿಷಯ ತಾಲ್ಲೂಕು ಕಚೇರಿಗೆ ಹೋಗುತ್ತದೆ. ಅಲ್ಲಿನ ತೀರ್ಮಾನ ಒಪ್ಪಿಗೆಯಾಗದವರು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅದರ ಮೇಲೆ ಜಿಲ್ಲಾಧಿಕಾರಿಗಳ ಹತ್ತಿರವೂ ಹೋಗಬಹುದು.

ನಮ್ಮ ಅರ್ಜಿಗೆ ಇಬ್ಬರು ಅತ್ತೆಯರೂ ಬಂದು ಸಹಿ ಮಾಡಿದರು. ಈಗ ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆಗೆ ಅವರಿಬ್ಬರ ಹೆಸರೂ ಇದೆ. ಆದರೆ ಹೋದ ಪರಿಹಾರ ಹೋಯಿತು.

ಓದಿದವರಿಗೆ ಮನೆಗೆಲಸ: ಇವತ್ತು ಸಂಜೆ ನಿಮ್ಮ ಮನೆಯ ಪಹಣಿ ತೆಗೆದು ನೋಡಿ.
1. ಅದರಲ್ಲಿ ಯಾರ ಹೆಸರಿದೆ? ಅವರು ಬದುಕಿದ್ದಾರೆಯೇ?
2. ನಿಮ್ಮ ಸರ್ವೆ ನಂಬರು ಎಷ್ಟು?
3. ನಿಮ್ಮ ಹೋಬಳಿ ಯಾವುದು?
ಉತ್ತರ ಗೊತ್ತಾಗದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ನಾಡಕಚೇರಿಗೆ ಒಟ್ಟಿಗೆ ಹೋಗಿ ಬನ್ನಿ.